ಪಕ್ಕದ ಸೀಟಿನ ಬ್ರೇಕು

ಬ್ರೇಕ್ ಮೇಷ್ಟ್ರು ಒಂದು ಕತ್ತೆಗೆ ಕಾರು ಓಡಿಸಲು ಕಲಿಸಿದ್ದರು. ಕತ್ತೆ ಗೇರನ್ನು ಹಲ್ಲಿನಲ್ಲಿ ಕಚ್ಚಿ ಹಾಕುತ್ತಿತ್ತು, ತಿರುವಿನಲ್ಲಿ ಬಾಲದಿಂದ ಸನ್ನೆ ಕೊಡುತ್ತಿತ್ತು, ಕಾರನ್ನು ಹಿಂದಕ್ಕೆ ತೆಗೆಯುವುದರಲ್ಲಂತೂ ಊರಿನ ಅರ್ಧ ಜನರಿಗೆ ಪಾಠ ಹೇಳುವಷ್ಟು ಪಳಗಿತ್ತು. ಪರೀಕ್ಷೆಯಲ್ಲಿ ಫೇಲಾದದ್ದು ಓಡಿಸಲು ಬಾರದೆ ಅಲ್ಲ. ಅಧಿಕಾರಿ "ಕನ್ನಡಕ ತಂದಿದ್ದೀಯಾ?" ಎಂದು ಕೇಳಿದ್ದಕ್ಕೆ ಅವಮಾನವಾಗಿ, ಬಾಗಿಲನ್ನು ಒದ್ದು ಇಳಿದುಹೋಯಿತು. ಬಾಗಿಲಿನ ಆ ತಗ್ಗು ಈಗಲೂ ಇದೆ. ಬೇಕಾದವರು ಬಂದು ಬೆರಳಿಟ್ಟು ನೋಡಬಹುದು.

ತಗ್ಗು ಇದ್ದದ್ದಂತೂ ನಿಜ. "ಅದು ಕತ್ತೆ ಒದ್ದಿದ್ದಲ್ಲ ರೀ, ನಮ್ಮ ಮಾವ ಕಂಬಕ್ಕೆ ಗುದ್ದಿದ್ದು" ಎಂದು ಡ್ರೈವಿಂಗ್ ಶಾಲೆಯ ಮಾಲೀಕ, ಅಂದರೆ ಮೇಷ್ಟ್ರ ಅಕ್ಕನ ಮಗ, ಬಂದವರಿಗೆಲ್ಲ ಹೇಳುತ್ತಿದ್ದ. ಆದರೆ ಅವನ ಮಾತನ್ನು ಕೇಳುವವರು ಯಾರು? ಅವನ ಹೊಟ್ಟೆ ಅವನಿಗಿಂತ ಮೊದಲು ಕಚೇರಿಗೆ ಬಂದು ಬೀಗ ತೆಗೆಯುತ್ತಿತ್ತು. ಅವನು ಬಾಯಿ ತೆರೆದರೆ ಬರುತ್ತಿದ್ದದ್ದು ಆಕಳಿಕೆಯೇ ಹೊರತು ಕಥೆಯಲ್ಲ.

ಮೇಷ್ಟ್ರಿಗೆ ಮಾತ್ರ ಕಥೆಯೇ ಬಂಡವಾಳ. ಮೊದಲ ದಿನ ಕಾರಿಗೆ ಹತ್ತಿದವರು ಸ್ಟೀರಿಂಗನ್ನು ಕಳ್ಳನ ಕತ್ತಿನಪಟ್ಟಿ ಹಿಡಿದ ಹಾಗೆ ಹಿಡಿದಿರುತ್ತಾರೆ. ಬೈದರೆ ಆ ಹಿಡಿತ ಇನ್ನೂ ಬಿಗಿಯುತ್ತದೆ, ಉಪದೇಶ ಮಾಡಿದರೆ ಕೈ ಬೆವರುತ್ತದೆ. ಕತ್ತೆಯ ಕಥೆ ಹೇಳಿದರೆ ನಗು ಬರುತ್ತದೆ. ನಕ್ಕವರ ಕೈ ತಾನಾಗಿ ಸಡಿಲವಾಗುತ್ತದೆ. ಇಡೀ ಭೂಮಂಡಲದಲ್ಲಿ ಈ ಗುಟ್ಟು ತಿಳಿದವರು ಇಬ್ಬರೇ, ಮೇಷ್ಟ್ರು ಒಬ್ಬರು, ಇನ್ನೊಬ್ಬರು ಇನ್ನೂ ಹುಟ್ಟಬೇಕು. ಹೀಗೆಂದು ಮೇಷ್ಟ್ರೇ ಹೇಳಿಕೊಳ್ಳುತ್ತಿದ್ದರು.

ಇನ್ನೊಂದು ಗುಟ್ಟನ್ನು ಅವರು ಯಾರಿಗೂ ಹೇಳುತ್ತಿರಲಿಲ್ಲ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲಡಿಯಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಅವನ್ನು ಕಬ್ಬಿಣದ ಸರಳು ಕಲಿಯುವವರ ಪೆಡಲುಗಳಿಗೆ ಸೇರಿಸಿರುತ್ತದೆ. ಈ ಕಡೆ ಒತ್ತಿದರೆ ಆ ಕಡೆಯೂ ಇಳಿಯುತ್ತದೆ. ಬೇರೆ ಮೇಷ್ಟ್ರುಗಳು ಅದನ್ನು ಅಪಾಯ ಬಂದಾಗ ಒತ್ತಿದರೆ, ಇವರು ಅಪಾಯವಿಲ್ಲದಾಗ ಒತ್ತುತ್ತಿದ್ದರು. ಕಲಿಯುವವರು ಕ್ಲಚ್ಚನ್ನು ದಡಕ್ಕನೆ ಬಿಟ್ಟರೆ, ಇವರ ಕಾಲು ಅದನ್ನು ತಳದಲ್ಲೇ ತಡೆದು ಬೆಣ್ಣೆ ಕರಗಿದಂತೆ ಮೇಲಕ್ಕೆ ಬಿಡುತ್ತಿತ್ತು. ಕಾರು ಹಂಸದ ಹಾಗೆ ಮುಂದೆ ಹೋಗುತ್ತಿತ್ತು. "ನೋಡಿದ್ರಾ? ಮೊದಲನೇ ದಿನವೇ! ನಾನು ಏನೂ ಮುಟ್ಟಿಲ್ಲ!" ಎಂದು ಅವರು ಎರಡೂ ಕೈ ಎತ್ತಿ ತೋರಿಸುತ್ತಿದ್ದರು. ಕೈಯಿಂದ ಮುಟ್ಟಿರಲಿಲ್ಲ, ಹಾಗಾಗಿ ಸುಳ್ಳೂ ಅಲ್ಲ. ಅಳುತ್ತ ಹತ್ತಿದವರು ಅರಳುತ್ತ ಇಳಿದು, ಮರುದಿನ ತಪ್ಪದೆ ಬರುತ್ತಿದ್ದರು. ಧೈರ್ಯ ಬಂದಂತೆ ಮೇಷ್ಟ್ರ ಕಾಲು ಕೊಂಚಕೊಂಚವಾಗಿ ಹಿಂದೆ ಸರಿಯುತ್ತಿತ್ತು. ಕಾರು ನಿಜಕ್ಕೂ ತಮ್ಮ ಕಾಲಿನಿಂದಲೇ ಓಡತೊಡಗಿದ್ದು ಯಾವ ದಿನದಿಂದ ಎಂದು ಕಲಿಯುವವರಲ್ಲಿ ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ, ಏಕೆಂದರೆ ಈ ಕಾರಿನ ಮೊದಲ ನಿಯಮವೇ 'ಕಾಲು ನೋಡಬಾರದು, ರಸ್ತೆ ನೋಡಬೇಕು'.

ಹೀಗೆ ಕಲಿತವರಿಂದ ಊರು ತುಂಬಿಹೋಗಿತ್ತು. ಲೈಸೆನ್ಸ್ ಸಿಕ್ಕ ದಿನ ಎಲ್ಲರೂ ಮೇಷ್ಟ್ರ ಕೈ ಹಿಡಿದು "ನಿಮ್ಮನ್ನ ಜನ್ಮದಲ್ಲಿ ಮರೆಯಲ್ಲ" ಎನ್ನುತ್ತಿದ್ದರು. ಆಮೇಲೆ ಅವರ ಕಾರುಗಳು ಮೇಷ್ಟ್ರು ಬಸ್ಸಿಗೆ ಕಾಯುವ ಜಾಗದ ಮುಂದೆಯೇ ಹಾದುಹೋಗುತ್ತಿದ್ದವು. ಒಬ್ಬರೂ ತಿರುಗಿ ನೋಡುತ್ತಿರಲಿಲ್ಲ. ಮೇಷ್ಟ್ರು ಬೇಸರಪಡುವ ಹಾಗೂ ಇರಲಿಲ್ಲ. ರಸ್ತೆ ಬಿಟ್ಟು ಅತ್ತಿತ್ತ ಕಣ್ಣು ಹಾಯಿಸಬೇಡಿ ಎಂದು ಕಲಿಸಿದವರು ಅವರೇ ತಾನೆ?

ಟೈರು ಅಂಗಡಿಯ ಮೇಲಿನ ಒಂಟಿ ಕೋಣೆ ಮೇಷ್ಟ್ರ ಮನೆ. ಹೆಂಡತಿ ತೀರಿಕೊಂಡ ಮೇಲೆ ಅಲ್ಲಿ ಮಾತಾಡುತ್ತಿದ್ದದ್ದು ನಲ್ಲಿಯೊಂದೇ, ಅದೂ ನೀರು ಬಂದಾಗ. ಮಂಚದ ಒಂದು ಪಕ್ಕದಲ್ಲೇ ಮಲಗುವ ಅಭ್ಯಾಸ ಹೋಗಿರಲಿಲ್ಲ. ಹಾಸಿಗೆ ಒಂದೆಡೆ ತಗ್ಗಾಗಿ, ಇನ್ನೊಂದೆಡೆ ಹೊಸದರಂತೆ ಉಬ್ಬಿಕೊಂಡೇ ಇತ್ತು. ಸಂಜೆ ಕುರ್ಚಿಯಲ್ಲಿ ಕುಳಿತರೆ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ನೆಲ ಎಲ್ಲಿಗೂ ಹೋಗುತ್ತಿರಲಿಲ್ಲ, ಆದರೂ ಕಾಲು ಅದನ್ನು ನಿಲ್ಲಿಸಲು ನೋಡುತ್ತಿತ್ತು.

ಲಾಂಡ್ರಿಯ ಅಕ್ಕ ಕಾರು ಕಲಿಯಲು ಬಂದದ್ದು ಇಂಥ ಕಾಲದಲ್ಲಿ.

ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುವ ದೊಡ್ಡ ಲಾಂಡ್ರಿಯಲ್ಲಿ ಅವರಿಗೆ ಕೆಲಸ. ಅವರು ಇಸ್ತ್ರಿ ಮಾಡಿದ ಬಟ್ಟೆಗಳನ್ನು ಹಾಸುತ್ತ ಹೋದರೆ ಸಮುದ್ರ ಮುಚ್ಚಿ, ಆಚೆ ದಡದಲ್ಲಿ ಮಡಿಕೆ ಹಾಕುವಷ್ಟು ಉಳಿಯುತ್ತಿತ್ತು. ಪಾಪ, ಅದರಲ್ಲೇ ಬಲಭುಜ ಸವೆದು, ಕೈ ಎತ್ತಿದರೆ ಜೀವ ಹೋಗುವಂತಾಗಿತ್ತು. ಲಾಂಡ್ರಿಯ ವ್ಯಾನು ಓಡಿಸುವವನು ಕೆಲಸ ಬಿಡುವುದರಲ್ಲಿದ್ದ. "ತಿಂಗಳೊಳಗೆ ಲೈಸೆನ್ಸ್ ತಗೊಂಡ್ರೆ ವ್ಯಾನು ನಿಮ್ದು. ಇಲ್ಲಾಂದ್ರೆ ಭುಜ ಗಟ್ಟಿ ಇರೋರನ್ನ ಹುಡುಕ್ಕೋತೀನಿ" ಎಂದು ಮಾಲೀಕರು ನಿಂತ ನಿಲುವಿನಲ್ಲೇ ಹೇಳಿಬಿಟ್ಟಿದ್ದರು. ಮನೆಯಲ್ಲಿ ಓದುವ ಮಗಳು. ಗಂಡ ಅನ್ನುವ ಮನುಷ್ಯ ಹೋದವನು ತಿರುಗಿ ಬಂದಿರಲಿಲ್ಲ.

"ನನಗೆ ಭಯ ಮೇಷ್ಟ್ರೇ" ಎಂದರು ಮೊದಲ ದಿನ. "ಸೈಕಲ್ ಕೂಡ ಗೊತ್ತಿಲ್ಲ."

"ಒಳ್ಳೇದೇ ಆಯ್ತು ತಾಯಿ. ಸೈಕಲ್ ಗೊತ್ತಿರೋರು ಕಾರಲ್ಲೂ ಗಂಟೆ ಹುಡುಕ್ತಾರೆ."

ಕತ್ತೆಯ ಕಥೆ ಆಯಿತು. ಅಕ್ಕ ಎಲ್ಲರ ಹಾಗೆ ನಕ್ಕು ಸುಮ್ಮನಾಗಲಿಲ್ಲ. ಕಣ್ಣನ್ನು ರಸ್ತೆಯ ಮೇಲಿಟ್ಟುಕೊಂಡೇ, "ಆಮೇಲೆ?" ಎಂದರು.

ಮೇಷ್ಟ್ರು ಅವರತ್ತ ತಿರುಗಿದರು. 'ಆಮೇಲೆ' ಎಂದು ಕೇಳಿದವರು ಯಾರು, ಯಾವ ಕಾಲದಲ್ಲಿ? ಹೆಂಡತಿ ಕೇಳುತ್ತಿದ್ದಳು, ಸೌಟು ಹಿಡಿದುಕೊಂಡು, ಸುಳ್ಳೆಂದು ಗೊತ್ತಿದ್ದೂ ಕೇಳುತ್ತಿದ್ದಳು.

ಅವತ್ತಿನಿಂದ ಪಾಠದ ಹೊತ್ತೇ ಮೇಷ್ಟ್ರ ದಿನವಾಯಿತು. ಮಧ್ಯಾಹ್ನ ಅಕ್ಕ ಬರುವ ಮೊದಲು ಕಾರಿನ ಕನ್ನಡಿಗಳನ್ನು ಸೂರ್ಯನೇ ಬಂದು ಮುಖ ನೋಡಿಕೊಳ್ಳುವಷ್ಟು ಉಜ್ಜುತ್ತಿದ್ದರು. ಪಾಠ ಮುಗಿದರೆ ಅಕ್ಕ ಲಾಂಡ್ರಿಯ ಗೇಟಿನಲ್ಲಿ ಸಂಜೆ ಪಾಳಿಗೆ ಇಳಿಯುತ್ತಿದ್ದರು. ಮೇಷ್ಟ್ರು ಮರುದಿನದ ಕಥೆಯನ್ನು ಹೊಸೆಯುತ್ತ ಹಿಂದಿರುಗುತ್ತಿದ್ದರು.

"ಒಬ್ಬರು ನ್ಯಾಯಾಧೀಶರು ಬಂದಿದ್ರು ತಾಯಿ, ಕಲಿಯೋಕೆ. ಸಿಗ್ನಲ್ ಕೆಂಪಾಯ್ತು. ಇವರು, ಆಕ್ಷೇಪಣೆ ತಳ್ಳಿಹಾಕಲಾಗಿದೆ ಅಂತ ಹೇಳಿ ನುಗ್ಗಿಸಿದ್ರು."

"ಅಯ್ಯೋ! ಆಮೇಲೆ?"

"ಆಮೇಲೆ ಪೊಲೀಸಿನವನು ಅಡ್ಡ ಬಂದ. ಮುಂದಿನ ತಿಂಗಳು ಬಾ ಅಂತ ಅವನಿಗೇ ವಾಯಿದೆ ಕೊಟ್ಟುಬಿಟ್ರು."

ಅಕ್ಕ ನಗುತ್ತ ನಗುತ್ತ ಗೇರು ಬದಲಿಸಿದರು. ಎಷ್ಟು ನುಣ್ಣಗೆ ಬದಲಿಸಿದರೆಂದರೆ, ಗೇರಿಗೇ ಗೊತ್ತಾಗಲಿಲ್ಲ. ಆ ದಿನ ಕಿಕ್ಕಿರಿದ ಮಾರುಕಟ್ಟೆಯ ರಸ್ತೆಯನ್ನು ದಾಟುವಾಗ ಮೇಷ್ಟ್ರ ಪಾದ ಎಲ್ಲಿಯೂ ಪೆಡಲಿಗೆ ತಾಗಲಿಲ್ಲ. ಮಾರುಕಟ್ಟೆಯಲ್ಲೇ ಇದ್ದ ಕಚೇರಿಯ ಬಾಗಿಲಲ್ಲಿ ನಿಂತು ಅದನ್ನು ನೋಡಿದ್ದ ಮೇಷ್ಟ್ರ ಅಕ್ಕನ ಮಗ, ಮೇಷ್ಟ್ರು ಹಿಂದಿರುಗಿದಾಗ ಆಕಳಿಕೆ ನಿಲ್ಲಿಸಿ ಹೇಳಿದ, "ಮಾವ, ಈ ಅಕ್ಕ ರೆಡಿ. ಪರೀಕ್ಷೆಗೆ ದಿನ ಹಾಕಿಸ್ತೀನಿ."

"ರೆಡಿನಾ? ಇಷ್ಟು ಬೇಗನಾ?"

"ಬೇಗ ಕಲಿಸಿದ್ದು ನೀವೇ ಅಲ್ವಾ? ಕತ್ತೆಗೆ ಕಲಿಸಿದವರಿಗೆ ಮನುಷ್ಯರು ಯಾವ ಲೆಕ್ಕ ಮಾವ?"

ಅಂದು ಸಂಜೆ ಮೇಷ್ಟ್ರಿಗೆ ಅನ್ನ ಇಳಿಯಲಿಲ್ಲ. ಕುರ್ಚಿಯಲ್ಲಿ ಕುಳಿತು ನೆಲವನ್ನು ಒತ್ತುತ್ತಲೇ ಇದ್ದರು.

ಮರುದಿನ ಕಾರು ಹೊರಡುವ ಹೊತ್ತಿಗೆ ಕಾಲು ಬ್ರೇಕನ್ನು ಮುಟ್ಟಿತು. ಕಾಲು ಮುಟ್ಟಿತು ಎಂದೇ ಮೇಷ್ಟ್ರು ಹೇಳುವುದು, ನಾನು ಮುಟ್ಟಿದೆ ಎನ್ನುವುದಿಲ್ಲ. ಕ್ಲಚ್ಚು ಮೇಲೆ ಬರುವಾಗ ಬ್ರೇಕನ್ನು ಒಂದು ಗುಲಗಂಜಿಯಷ್ಟು ಒತ್ತಿದರೂ ಸಾಕು, ಇಂಜಿನ್ ಬಿಕ್ಕಿ ನಿಂತುಬಿಡುತ್ತದೆ. ಕ್ಲಚ್ಚು ಬಿಟ್ಟದ್ದೇ ತಪ್ಪಾಯಿತೆಂದು ಕಲಿಯುವವರು ತಿಳಿಯುತ್ತಾರೆ. ಕಾರು ನಿಂತಿತು. "ಪರವಾಗಿಲ್ಲ ತಾಯಿ, ದೊಡ್ಡದೊಡ್ಡವರಿಗೂ ಆಗತ್ತೆ" ಎಂದರು ಮೇಷ್ಟ್ರು. ತಿರುವಿನಲ್ಲಿ ನಿಂತಿತು. "ನಾಳೆ ಸರಿಹೋಗತ್ತೆ ಬಿಡಿ." ನಾಳೆಯೂ ನಿಂತಿತು. ಗುದ್ದಿದ ಕೈಯೇ ಎಣ್ಣೆ ಹಚ್ಚಿದ ಹಾಗೆ, ನಿಲ್ಲಿಸಿದ ಕಾಲಿನ ಯಜಮಾನರೇ ಸಮಾಧಾನ ಹೇಳುತ್ತಿದ್ದರು. ಆ ಸಮಾಧಾನವೂ ಎಂಥದ್ದು! ಕಲ್ಲು ಕೇಳಿದ್ದರೆ ಕಲ್ಲೂ ಎದ್ದು ಇನ್ನೊಂದು ಸಲ ಪ್ರಯತ್ನಿಸುತ್ತಿತ್ತು.

ಅಕ್ಕನೂ ಪ್ರಯತ್ನಿಸಿದರು. ಆದರೆ ದಿನದಿಂದ ದಿನಕ್ಕೆ ಅವರ ಬೆನ್ನು ಸೀಟಿನಿಂದ ಮುಂದೆ ಬಂತು, ಬೆರಳ ಗಂಟುಗಳು ಬೆಳ್ಳಗಾದವು. ಮೇಷ್ಟ್ರು ಕಥೆ ತೆಗೆದರೆ "ಒಂದು ನಿಮಿಷ ಸುಮ್ನಿರಿ ಮೇಷ್ಟ್ರೇ, ಕ್ಲಚ್ ನೋಡ್ಕೋತಿದೀನಿ" ಎನ್ನತೊಡಗಿದರು. 'ಆಮೇಲೆ' ನಿಂತುಹೋಯಿತು. ಅದನ್ನು ಉಳಿಸಿಕೊಳ್ಳಲು ಒತ್ತಿದ ಬ್ರೇಕು ಮೊದಲು ನಿಲ್ಲಿಸಿದ್ದು ಅದನ್ನೇ. ಮೇಷ್ಟ್ರಿಗೆ ಇದು ಅರ್ಥವಾಗಲಿಲ್ಲವೆಂದಲ್ಲ. ಅರ್ಥವಾದ ಮೇಲೂ ಕಾಲು ಒತ್ತುತ್ತಿತ್ತು.

ಪರೀಕ್ಷೆಯ ಹಿಂದಿನ ದಿನ ಅಕ್ಕ ನೇರವಾಗಿ ಡ್ರೈವಿಂಗ್ ಶಾಲೆಯ ಕಚೇರಿಗೆ, ಮೇಷ್ಟ್ರ ಅಕ್ಕನ ಮಗನ ಬಳಿ ಹೋದರು.

"ನಾಳೆ ನಾನು ಬರಲ್ಲಪ್ಪ. ಲಾಂಡ್ರಿ ಮಾಲೀಕರಿಗೂ ಇವತ್ತೇ ಹೇಳಿಬಿಡ್ತೀನಿ. ಇದು ನನ್ನ ಕೈಲಿ ಆಗೋ ವಿದ್ಯೆ ಅಲ್ಲ."

"ಅಕ್ಕ, ಹಂಗಂದ್ರೆ ಹೆಂಗೆ? ಮಾರ್ಕೆಟ್ಟಲ್ಲಿ ನಾನೇ ನೋಡಿದೀನಿ, ಏನು ಚೆನ್ನಾಗಿ..."

"ಅದು ಹೆಂಗೋ ಆಗಿದ್ದು. ಕುರುಡು ಬೆಕ್ಕಿಗೂ ಒಂದಿನ ಇಲಿ ಸಿಗತ್ತೆ." ಅಕ್ಕ ನಗಲು ನೋಡಿದರು, ಬರಲಿಲ್ಲ. "ಇವತ್ತಿನ ಪಾಠ ಬಾಕಿ ಇದೆಯಲ್ಲ, ಅದೊಂದು ಮುಗಿಸಿ ಹೋಗ್ತೀನಿ. ಮೇಷ್ಟ್ರು ಪಾಪ, ನನ್ನಂಥ ದಡ್ಡಿ ಜೊತೆ ಎಷ್ಟು ಕಷ್ಟಪಟ್ಟಿದಾರೆ."

ಬಾಗಿಲ ಹೊರಗೆ ನಿಂತಿದ್ದ ಮೇಷ್ಟ್ರ ಕಿವಿಗೆ ಆ 'ಪಾಪ' ಕಾದ ಇಸ್ತ್ರಿಪೆಟ್ಟಿಗೆಯ ಹಾಗೆ ತಗುಲಿತು.

ಕಾರಿನಲ್ಲಿ ಕುಳಿತವರೇ ಅವರು ಎರಡೂ ಕಾಲನ್ನು ಸೀಟಿನ ಅಡಿಗೆ ಎಳೆದುಕೊಂಡರು, ಒಂದರ ಮೇಲೊಂದು ಹೆಣೆದು ಬಿಗಿಹಿಡಿದರು. ಇವತ್ತು ಮುಟ್ಟುವುದಿಲ್ಲ. ಒಂದು ಸಲ ಸರಿಯಾಗಿ ಓಡಿಸಲಿ, ಮನಸ್ಸು ಬದಲಿಸಲಿ, ನಾಳೆ ಹೋಗಲಿ. ಹೀಗೆಂದು ಶಪಥ ಮಾಡಿದರು. ಅಂಥ ಶಪಥಕ್ಕೆ ಆಕಾಶ ಬಿರಿಯಬೇಕಿತ್ತು. ಬಿಸಿಲಿತ್ತು ನೋಡಿ, ಬಿರಿಯಲಿಲ್ಲ.

ಅಕ್ಕ ಹೊರಟರು. ಗೆಲ್ಲುವ ಆಸೆ ಬಿಟ್ಟವರ ಕೈಗೆ ಒಂದು ಹಗುರ ಬರುತ್ತದಲ್ಲ, ಅದು ಬಂದಿತ್ತು. ಬಸ್ ನಿಲ್ದಾಣ ದಾಟಿತು, ಶಾಲೆಯ ಮುಂದಿನ ಉಬ್ಬು ದಾಟಿತು, ಸೇತುವೆ ಕೆಳಗಿನ ಇಕ್ಕಟ್ಟು ದಾಟಿತು. ಕಾರು ಎಲ್ಲಿಯೂ ಬಿಕ್ಕಲಿಲ್ಲ.

"ಏನಿದು ಮೇಷ್ಟ್ರೇ?" ಅಕ್ಕನ ದನಿ ಬದಲಾಗಿತ್ತು. "ಇವತ್ತು ನಿಲ್ತಾನೇ ಇಲ್ವಲ್ಲ!"

"ಹೂಂ."

"ಹೀಗೇ ಹೋದ್ರೆ ನಾಳೆ ಹೋಗಿಬಿಡ್ಲಾ? ಏನಂತೀರಿ?" ಬೆನ್ನು ಸೀಟಿಗೆ ಒರಗಿತು. "ಅಲ್ಲ, ಆ ನ್ಯಾಯಾಧೀಶರು ಕೊನೆಗೆ ಪಾಸಾದ್ರಾ? ಹೇಳಲೇ ಇಲ್ಲ ನೀವು. ಆಮೇಲೆ?"

ಆಮೇಲೆ ಏನು? ಆಮೇಲೆ ನಾಳೆ. ನಾಡಿದ್ದು ವ್ಯಾನು ಬಸ್ ನಿಲ್ದಾಣದ ಮುಂದೆ ಹಾದುಹೋಗುತ್ತದೆ, ಅಕ್ಕ ರಸ್ತೆಯನ್ನೇ ನೋಡುತ್ತಿರುತ್ತಾರೆ. ಮುಂದೆ ಸಿಗ್ನಲ್ ಹಸಿರಾಯಿತು. ಅಕ್ಕ ಕ್ಲಚ್ಚನ್ನು ಮೆಲ್ಲಗೆ ಬಿಡತೊಡಗಿದರು. ಸೀಟಿನಡಿಯ ಹೆಣಿಗೆ ಬಿಚ್ಚಿಕೊಂಡದ್ದು ಮೇಷ್ಟ್ರಿಗೆ ಗೊತ್ತೇ ಆಗಲಿಲ್ಲ.

ಕಾರು ಬಿಕ್ಕಿ ನಿಂತಿತು.

ಹಿಂದಿನ ಹಾರ್ನುಗಳೆಲ್ಲ ಒಟ್ಟಿಗೆ ಬಾಯಿಬಿಟ್ಟವು. ಅಕ್ಕ ಗೇರನ್ನು ನ್ಯೂಟ್ರಲಿಗೆ ತಂದರು, ಎರಡೂ ಕಾಲನ್ನು ಹಿಂದಕ್ಕೆ ಎಳೆದುಕೊಂಡರು, ಹಣೆಯನ್ನು ಸ್ಟೀರಿಂಗಿಗೆ ಒತ್ತಿದರು. ಅತ್ತರೋ ಇಲ್ಲವೋ. ಮೇಷ್ಟ್ರು "ಪರವಾಗಿಲ್ಲ ತಾಯಿ, ದೊಡ್ಡದೊಡ್ಡ..." ಎಂದು ಶುರು ಮಾಡಿದರು.

ಹಣೆ ಸ್ಟೀರಿಂಗಿನ ಮೇಲಿದ್ದರೆ ಕಣ್ಣಿಗೆ ರಸ್ತೆ ಕಾಣುವುದಿಲ್ಲ, ಕಾಲು ಕಾಣುತ್ತದೆ. ಅಕ್ಕನಿಗೆ ತಮ್ಮ ಎರಡು ಪಾದಗಳು ಕಂಡವು, ರಬ್ಬರ್ ಚಾಪೆಯ ಮೇಲೆ ಸುಮ್ಮನೆ ಕುಳಿತಿದ್ದವು. ಅವುಗಳ ಮುಂದೆ ಬ್ರೇಕು ಒತ್ತಿಕೊಂಡೇ ಇತ್ತು. ನೋಡುತ್ತಿದ್ದಂತೆ ಅದು ಮೆಲ್ಲಗೆ, ಬೆಕ್ಕು ಅಡುಗೆಮನೆಯಿಂದ ಜಾರಿಕೊಳ್ಳುವ ಹಾಗೆ, ಮೇಲೆ ಬಂತು.

"ಮೇಷ್ಟ್ರೇ."

"ಹೇಳಿ ತಾಯಿ."

"ನನ್ನ ಎರಡೂ ಕಾಲು ಇಲ್ಲಿವೆ."

ಮೇಷ್ಟ್ರ ತಲೆಯಲ್ಲಿ ಸುಳ್ಳುಗಳು ನಾ ಮುಂದು ತಾ ಮುಂದು ಎಂದು ನುಗ್ಗಿದವು. "ಅದು ಸ್ಪ್ರಿಂಗು ತಾಯಿ. ಹಳೇ ಕಾರು, ಸ್ಪ್ರಿಂಗು ಒಂದೊಂದ್ಸಲ..."

"ಸ್ಪ್ರಿಂಗು ಬೂಟು ಹಾಕ್ಕೊಂಡಿದೆ."

ಅಕ್ಕ ನೋಡುತ್ತಿದ್ದದ್ದು ಈಗ ಮೇಷ್ಟ್ರ ಕಡೆಯ ಪೆಡಲನ್ನು. ಬೂಟಿನ ತುದಿ ಇನ್ನೂ ಅದರ ಮೇಲಿತ್ತು.

ಸಿಗ್ನಲ್ ಮತ್ತೆ ಕೆಂಪಾಯಿತು. ಯಾರೋ ಪಕ್ಕದಿಂದ ಬೈದುಕೊಂಡು ಹೋದರು. ಅಕ್ಕ ಕಣ್ಣೊರೆಸಿಕೊಂಡು ನೆಟ್ಟಗೆ ಕುಳಿತರು.

"ಬೂಟು ಬಿಚ್ಚಿ. ಕಾಲು ಮೇಲೆ ತಗೊಳ್ಳಿ."

"ಮೇಲೆ ಅಂದ್ರೆ?"

"ಸೀಟ್ ಮೇಲೆ. ಚಕ್ಕಳಮಕ್ಕಳ ಹಾಕಿ ಕೂತ್ಕೊಳ್ಳಿ. ಬೂಟು ಕೈಲಿ ಹಿಡ್ಕೊಳ್ಳಿ."

"ತಾಯಿ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ..."

"ಆಗ್ಲಿ. ಒಂದಾದ್ರೂ ತಪ್ಪು ನನ್ನದೇ ಆಗ್ಲಿ."

ಮೇಷ್ಟ್ರು ಬೂಟು ಬಿಚ್ಚಿದರು. ಮೊಣಕಾಲು ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟಿತು. ಚಕ್ಕಳಮಕ್ಕಳ ಹಾಕಿ, ಬೂಟನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಕುಳಿತರು. ಪಕ್ಕದ ಬಸ್ಸಿನ ಕಿಟಕಿಯಲ್ಲಿ ಒಂದಿಡೀ ಸಾಲು ಮುಖಗಳು ಅವರನ್ನು ನೋಡಿ ನಕ್ಕವು.

ಹಸಿರು ಬಂತು. ಕಾರು ಹೊರಟಿತು. ಆಸ್ಪತ್ರೆಯ ಏರಿನಲ್ಲಿ ಸಾಲು ಕಟ್ಟಿ ನಿಂತ ವಾಹನಗಳ ನಡುವೆ ನಿಲ್ಲಬೇಕಾಯಿತು; ಹಿಂದೆ ಒಂದು ಲಾರಿ, ಅದರ ಮೂತಿ ಕನ್ನಡಿಯ ತುಂಬ. ಏರಿನಲ್ಲಿ ನಿಂತ ಕಾರನ್ನು ಹಿಂದೆ ಜಾರಿಸದೆ ಹೊರಡಿಸುವುದು ಕಲಿಕೆಯಲ್ಲಿ ಎಲ್ಲಕ್ಕಿಂತ ಕಷ್ಟದ ಪಾಠ. ತೊಡೆಯ ಕೆಳಗೆ ಸಿಕ್ಕಿಕೊಂಡ ಮೇಷ್ಟ್ರ ಬಲಗಾಲು ಮೀನಿನಂತೆ ಒದ್ದಾಡಿತು. ಕಾರು ಒಂದು ಗೇಣು ಹಿಂದೆ ಜಾರಿತು. ಮೇಷ್ಟ್ರು ಕಣ್ಣು ಮುಚ್ಚಿದರು. ಇಂಜಿನ್ ಗುರುಗುಟ್ಟಿತು, ಕ್ಲಚ್ಚು ಹಿಡಿಯಿತು, ಕಾರು ಏರಿತು. ಇಲ್ಲಿ ಸೇರಿಸಿ ಹೇಳಲು ಏನೂ ಇಲ್ಲ. ಕಾರು ಏರಿತು, ಅಷ್ಟೇ.

ಲಾಂಡ್ರಿಯ ಗೇಟಿನ ಎದುರು ಅಕ್ಕ ಕಾರನ್ನು ಅಂಚಿಗೆ ಸರಿಸಿ ನಿಲ್ಲಿಸಿದರು. ಒಳಗೆ ವ್ಯಾನು ನಿಂತಿತ್ತು. ಇಬ್ಬರೂ ಅದನ್ನು ನೋಡಿದರು.

"ರಾತ್ರಿ ಮಲಗಿದ್ರೂ ಕಾಲಲ್ಲಿ ಕ್ಲಚ್ ಒತ್ತಿ ನೋಡ್ತಿದ್ದೆ ಮೇಷ್ಟ್ರೇ" ಎಂದರು ಅಕ್ಕ. "ಎಲ್ಲಿ ತಪ್ತಾ ಇದೀನಿ, ಎಲ್ಲಿ ತಪ್ತಾ ಇದೀನಿ ಅಂತ. ಮಗಳು ಹೆದರಿಬಿಟ್ಟಿದ್ಲು."

ಮೇಷ್ಟ್ರು ಬೂಟಿನ ದಾರವನ್ನು ಬೆರಳಿಗೆ ಸುತ್ತುತ್ತಿದ್ದರು.

"ಯಾಕೆ ಹೀಗೆ ಮಾಡಿದ್ರಿ?"

"ನೋಡಿ ತಾಯಿ, ನಮ್ಮ ಗುರುಗಳೊಬ್ಬರು ಇದ್ರು. ಅವರು ಏನು ಹೇಳ್ತಿದ್ರು ಅಂದ್ರೆ, ಪರೀಕ್ಷೆಗೆ ಮುಂಚೆ ಶಿಷ್ಯರನ್ನ ಒಂದು ಸಲ ಬೀಳಿಸಿ..."

"ಸುಳ್ಳು ಬೇಡ."

ಮೇಷ್ಟ್ರು ನಿಲ್ಲಿಸಿದರು. ಗುರುಗಳು ಅಲ್ಲೇ ಬಿದ್ದುಹೋದರು.

"ಮೊದಮೊದಲು ಒಂದೆರಡು ಸಲ ನಿಂತಿದ್ದು ನಿಮ್ಮಿಂದ" ಎಂದರು ತಡೆದು. "ಪರೀಕ್ಷೆಯ ದಿನ ಗೊತ್ತಾದ ಮೇಲೆ ನಿಂತಿದ್ದೆಲ್ಲ ನನ್ನಿಂದ. ಮಾರ್ಕೆಟ್ ದಾಟಿದ ದಿನ ಓಡಿಸಿದ್ದು ಪೂರ್ತಿ ನೀವೇ, ನಾನು ಮುಟ್ಟಿರಲಿಲ್ಲ. ನಿಮ್ಮ ಕ್ಲಚ್ಚಲ್ಲಿ ತಪ್ಪಿಲ್ಲ."

"ನಾಳೆ ನಾನು ಪಾಸಾಗ್ತೀನಾ? ಇದಾದ್ರೂ ನಿಜ ಹೇಳಿ."

ಬೇರೆ ದಿನವಾಗಿದ್ದರೆ, ನಿಮ್ಮಂಥ ಡ್ರೈವರು ಸಾವಿರ ವರ್ಷಕ್ಕೊಬ್ಬರು ಹುಟ್ಟೋದು ಎನ್ನುತ್ತಿದ್ದರು. "ತಿರುವಲ್ಲಿ ಸ್ವಲ್ಪ ಅಗಲ ತಗೋತೀರಿ" ಎಂದರು. "ಪಕ್ಕದ ಕನ್ನಡಿ ನೋಡೋದು ಮರೀತೀರಿ. ಸುಮಾರಾಗಿ ಓಡಿಸ್ತೀರಿ. ಪಾಸಾಗ್ತೀರಿ."

ಅಕ್ಕ ಆ ಮಾತನ್ನು ತೂಗಿ ನೋಡಿದರು. ಈ ಕಾರಿನಲ್ಲಿ ಅವರಿಗೆ ಸಿಕ್ಕ ಹೊಗಳಿಕೆಗಳಲ್ಲೆಲ್ಲ ಇದೇ ಚಿಕ್ಕದು. ಇದನ್ನೇ ಅವರು ನಂಬಿದರು, ಮುಖದಲ್ಲಿ ಗೊತ್ತಾಯಿತು.

"ನಾಳೆ ನಿಮ್ಮ ಅಕ್ಕನ ಮಗನನ್ನ ಕಳಿಸಿ. ನೀವು ಬರೋದು ಬೇಡ."

"ಆಗ್ಲಿ ತಾಯಿ."

ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟವರು ತಿರುಗಿದರು. "ಯಾಕೆ ಅಂತ ಮಾತ್ರ ನೀವು ಹೇಳಲಿಲ್ಲ."

ಮೇಷ್ಟ್ರು ಇನ್ನೂ ಕಾಲು ಕೆಳಗೆ ಇಳಿಸಿರಲಿಲ್ಲ. ಇಳಿಸಬಹುದೆಂದು ಯಾರೂ ಹೇಳಿರಲಿಲ್ಲವಲ್ಲ.

"ಮನೇಲಿ ನಾನೊಬ್ಬನೇ" ಎಂದರು. "ಕಲಿತವರೆಲ್ಲ ಹೋಗ್ತಾರೆ, ಹೋಗ್ಲೇಬೇಕು. ನೀವು ಮಾತ್ರ ಆಮೇಲೆ, ಆಮೇಲೆ ಅಂತ ಕೇಳ್ತಿದ್ರಿ. ನೀವೂ ಹೋದ್ರೆ ನನ್ನ ಹತ್ರ ಮಾತಾಡೋರು ಯಾರೂ ಇರಲ್ಲ. ಅಷ್ಟೇ ತಾಯಿ. ಇದಕ್ಕೆ ಆಮೇಲೆ ಇಲ್ಲ."